ಮನೆಯ ಔಷಧ

ಉಗಾರ ಬುದ್ರುಕ
೯ ಜನವರಿ ೨೦೨೪

ವೈನಿಯವರಿಗೆ ನಿಮ್ಮ ನಾದಿನಿ ಬ್ರಾಹ್ಮಿಯ ಜಯ ಜಿನೇಂದ್ರ.

ಫೋನು ಬಿಟ್ಟು ಇದೇನು ಕಾಗದ ಬರೆಯಲು ಕೂತಳು ಎಂದು ನಗಬೇಡಿ. ಮಿರಜದಲ್ಲಿ ನಾಲಿಗೆಯ ಎಡಭಾಗ ಕತ್ತರಿಸಿ ತೆಗೆದು ಇಂದಿಗೆ ನಲವತ್ತೊಂದು ದಿನ. ಗಾಯ ಮಾಯ್ದಿದೆ, ಆದರೆ ಮಾತು ಯಾರಿಗೂ ತಿಳಿಯುವುದಿಲ್ಲ. ಮೊನ್ನೆ ಅಣ್ಣ ಫೋನು ಮಾಡಿದಾಗ ನಾಲ್ಕು ಮಾತಾಡಿದೆ. ಆತ ಹೂಂ, ಹೂಂ ಎನ್ನುತ್ತಲೇ ಇದ್ದ. ಫೋನು ಇವರ ಕೈಗೆ ಹೋದ ಮೇಲೆ "ಆಕಿ ಏನಂದಳ್ರಿ?" ಎಂದು ಕೇಳಿದ್ದು ನನಗೆ ಕೇಳಿಸಿತು. ಅಂದಿನಿಂದ ನಾನು ಫೋನು ಮುಟ್ಟಿಲ್ಲ.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋಗುತ್ತಾರೆ. "ಎಂಥಾ ನೇಮಸ್ಥರ ಮನಿ. ಹೊತ್ತ ಮುಳುಗಿದ ಮ್ಯಾಲ ನೀರಿಗೆ ಸೈತ ಬಾಯಿ ತೆರಿಯೂದಿಲ್ಲ. ಇಂಥಾಕಿಗೆ ಹಿಂಗ್ಯಾಕ ಆತು?" ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ನಾನು ತಲೆ ತಗ್ಗಿಸಿ ಕೂತಿರುತ್ತೇನೆ. ನೋವಿನಿಂದ ಎಂದು ಅವರು ತಿಳಿಯುತ್ತಾರೆ. ಅದು ನಾಚಿಕೆ, ವೈನಿ.

ಆಪರೇಶನ್ನಿಗೆ ಮೊದಲು ಡಾಕ್ಟರು ಕೇಳಿದ್ದರು, ಎಲೆ ಅಡಿಕೆ, ಗುಟಕಾ, ತಂಬಾಕು ಏನಾದರೂ ಚಟ ಇದೆಯೇ ಎಂದು. ನಾನು ಬಾಯಿ ತೆರೆಯುವ ಮೊದಲೇ ಇವರು, "ಸಾಹೇಬ್ರ, ನಮ್ಮ ಮನಿಯಾಗ ಉಳ್ಳಾಗಡ್ಡಿ, ಬಟಾಟಿ ಸೈತ ತರೂದಿಲ್ರಿ. ಚಟದ ಮಾತ ಎಲ್ಲಿಂದ ಬಂತ್ರಿ?" ಅಂದರು. ಹಾಗೆ ಹೇಳುವಾಗ ಇವರ ಮುಖದಲ್ಲಿ ಎಷ್ಟು ಅಭಿಮಾನವಿತ್ತೆಂದರೆ, ನಾನೂ ಹೌದೆಂದು ತಲೆಯಾಡಿಸಿಬಿಟ್ಟೆ. ಡಾಕ್ಟರು ಹಾಗೆಯೇ ಬರೆದುಕೊಂಡರು.

ನಾನು ಮಿಶ್ರಿ ಹಚ್ಚುತ್ತೇನೆಂಬುದು ಈ ಮನೆಯಲ್ಲಿ ಹದಿನೇಳು ವರ್ಷವಾದರೂ ಒಬ್ಬರಿಗೂ ಗೊತ್ತಿಲ್ಲ. ನಮ್ಮ ತವರಿನಲ್ಲಿ ಹೆಂಗಸರೆಲ್ಲ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆಳಿಗ್ಗೆ ಒಟ್ಟಿಗೆ ಕೂತು ಹಲ್ಲಿಗೆ ಹಚ್ಚುವುದು ಮುಖ ತೊಳೆದಷ್ಟೇ ಸಹಜ. ಇಲ್ಲಿ ಹಾಗಲ್ಲವಲ್ಲ. ಬಚ್ಚಲಿನಲ್ಲಿ, ನೀರಿನ ಹಂಡೆಯ ಹಿಂದೆ, ಕುಂಕುಮದ ಹಳೆಯ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡೆ. ಪ್ರತಿ ಸಲ ತವರಿಗೆ ಬಂದಾಗ ನೀವು ಸೀರೆಯ ಮಡಿಕೆಯಲ್ಲಿ ಕಟ್ಟಿಕೊಟ್ಟ ಪುಡಿಕೆ ಆ ಡಬ್ಬಿಗೆ ಹೋಗುತ್ತಿತ್ತು. ಉಪವಾಸದ ದಿನವೂ ಬಿಡಲಿಲ್ಲ. ನುಂಗುವುದಿಲ್ಲವಲ್ಲ, ಉಗುಳುತ್ತೇನಲ್ಲ, ವ್ರತ ಹೇಗೆ ಕೆಟ್ಟೀತು ಎಂದು ನನಗೆ ನಾನೇ ಹೇಳಿಕೊಂಡೆ.

ನೀವು ಆಶಾ ಕಾರ್ಯಕರ್ತೆ. ಹನ್ನೆರಡು ವರ್ಷದಿಂದ ಮನೆಮನೆಗೆ ಹೋಗಿ ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವವರು. ನನಗೊಂದು ಮಾತು ಹೇಳಿ. ನನ್ನ ನಾಲಿಗೆ ಹೋದದ್ದು ಅದರಿಂದಲೇ? ನೀವು ಏನು ಬರೆಯುತ್ತೀರೋ ಅದನ್ನು ನಂಬುತ್ತೇನೆ.

ನಿಮ್ಮ ಬ್ರಾಹ್ಮಿ


ನಿಪ್ಪಾಣಿ
೧೭ ಜನವರಿ ೨೦೨೪

ಬ್ರಾಹ್ಮಿ,

ನಿನ್ನ ಕಾಗದ ಮುಟ್ಟಿತು. ನಿಮ್ಮಣ್ಣನಿಗೆ ತೋರಿಸಿಲ್ಲ. ಅಕ್ಷರ ಇನ್ನೂ ಶಾಲೆಯಲ್ಲಿದ್ದಾಗಿನಷ್ಟೇ ದುಂಡಗಿವೆ, ಅದನ್ನು ನೋಡಿ ಅರ್ಧ ಜೀವ ಬಂತು.

ಮೊದಲು ಊಟದ ಮಾತು. ಖಾರ ಪೂರ್ತಿ ಬಿಡು. ಜೋಳದ ಅಂಬಲಿ ತೆಳ್ಳಗೆ ಮಾಡಿ ಆರಿಸಿ ಕುಡಿ. ಹೆಸರುಬೇಳೆಯ ಕಟ್ಟಿಗೆ ಒಂದು ಚಮಚ ತುಪ್ಪ ಹಾಕು. ರಾಜಗಿರಿ ಸೊಪ್ಪು ಬೇಯಿಸಿ ನುಣ್ಣಗೆ ಅರೆದರೆ ನುಂಗಲು ತ್ರಾಸಾಗುವುದಿಲ್ಲ. ಬಾಳೆಹಣ್ಣನ್ನು ಹಾಲಿನಲ್ಲಿ ಕಿವುಚಿಕೊಂಡು ದಿನಕ್ಕೆ ಎರಡು ಸಲ ತಿನ್ನು. ನಿಮ್ಮ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ, ಉಪ್ಪು ಕಡಿಮೆ ಮಾಡಲು ಹೇಳು. ನಿನ್ನ ಯಜಮಾನರು ಬಾಳಾಸಾಬರಿಗೆ ನಲವತ್ತೈದು ದಾಟಿತು, ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿಸಿಕೊಳ್ಳಲಿ. ನಿನ್ನ ಅತ್ತೆಯವರು ಚಹಾಕ್ಕೆ ಹಾಕುವ ಸಕ್ಕರೆ ನಾನು ಕಂಡಿದ್ದೇನೆ, ಅದು ಚಹಾ ಅಲ್ಲ, ಪಾಕ. ದಿನಾ ಅರ್ಧ ತಾಸು ನಡೆದಾಡು. ಜನ ನೋಡುತ್ತಾರೆಂದು ಒಳಗೆ ಕೂರಬೇಡ.

ನೀನು ಕೇಳಿದ್ದರ ಬಗ್ಗೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅದರಿಂದಲೇ ಬರುವುದಿದ್ದರೆ ನಮ್ಮ ಓಣಿಯ ಹೆಂಗಸರೆಲ್ಲ ಇಷ್ಟು ಹೊತ್ತಿಗೆ ಏನಾಗಬೇಕಿತ್ತು? ನಿಮ್ಮಜ್ಜಿ ಎಂಬತ್ತೆರಡು ವರ್ಷದವರೆಗೆ ಹಚ್ಚಿದಳು, ಮುಪ್ಪಿನಿಂದ ಹೋದಳು. ಬೇನೆ ಬರುವವರಿಗೆ ಬರುತ್ತದೆ. ಹಿಂದಿನದನ್ನು ಕೆದಕುವುದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ.

ಹಾಲಿನ ಜೊತೆ ಶೇಂಗಾ ಪುಡಿಯನ್ನೂ ಕಲಸಿಕೋ. ಶಕ್ತಿ ಬರುತ್ತದೆ.

ಶೇವಂತಾ


ಉಗಾರ ಬುದ್ರುಕ
೨೫ ಜನವರಿ ೨೦೨೪

ಪ್ರೀತಿಯ ವೈನಿ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಕೊನೆಯ ಭಾಗ ಇನ್ನೂ ಹೆಚ್ಚು. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದು ಇಳಿಯಿತು. ಟ್ರೇನಿಂಗ್ ಆದವರು, ದವಾಖಾನೆ ಕಂಡವರು ನೀವೇ ಹೇಳಿದ ಮೇಲೆ ನನ್ನದೇನಿದೆ? ಆವತ್ತು ರಾತ್ರಿ ಪೂರ್ತಿ ನಿದ್ದೆ ಮಾಡಿದೆ. ಮರುದಿನ ಅಂಬಲಿಯೂ ರುಚಿಸಿತು.

ಅತ್ತೆಯವರಿಗೆ ಚಹಾದ ಮಾತು ಹೇಳಲು ನನಗಂತೂ ಆಗುವುದಿಲ್ಲ, ನೀವೇ ಬಂದು ಹೇಳಿ, ಡಾಕ್ಟರಬಾಯಿ.

ಇನ್ನೊಂದು ಸುದ್ದಿ. ರೂಪಾಲಿಗೆ ಕಳೆದ ವಾರ ದವಡೆಯ ಹಲ್ಲು ನೋವು ಹಿಡಿಯಿತು. ಮಾರ್ಚಿನಲ್ಲಿ ಹತ್ತನೆಯ ಪರೀಕ್ಷೆ, ಇವಳು ಕೆನ್ನೆ ಹಿಡಿದು ಅಳುತ್ತ ಕೂತರೆ ಓದುವುದು ಯಾವಾಗ? ಸೋಮವಾರ ಸಂಜೆ ಯಾರೂ ಇಲ್ಲದಾಗ ಬಚ್ಚಲಿನಿಂದ ಡಬ್ಬಿ ತಂದು ಒಂದು ಚಿಟಿಕೆ ಹಚ್ಚಿದೆ. ಹುಡುಗಿ ಹೆದರಿದಳು. "ಅವ್ವಾ, ಇದರಿಂದ ಏನೂ ಆಗೂದಿಲ್ಲಲಾ?" ಎಂದಳು. ನನ್ನ ಮಾತು ಅವಳಿಗೆ ತಿಳಿಯಬೇಕಲ್ಲ? ನಿಮ್ಮ ಕಾಗದವನ್ನೇ ಅವಳ ಕೈಗೆ ಕೊಟ್ಟು, ಆ ನಾಲ್ಕು ಸಾಲಿನ ಮೇಲೆ ಬೆರಳಿಟ್ಟೆ. ಓದಿ ಧೈರ್ಯ ತಂದುಕೊಂಡಳು. ಕಾಲು ತಾಸಿನಲ್ಲಿ ನೋವು ನಿಂತಿತು.

ಅವಳು ಮಲಗಿದ್ದನ್ನು ನೋಡುತ್ತ ನನಗೆ ನೀವು ನೆನಪಾದಿರಿ. ನನಗೂ ಹೀಗೆಯೇ ಹಲ್ಲು ನೋವು ಬಂದಿತ್ತು. ನೀವು ಮದುವೆಯಾಗಿ ಬಂದು ತಿಂಗಳೂ ಆಗಿರಲಿಲ್ಲ. ಮನೆಯಲ್ಲಿ ಅಷ್ಟು ಜನ ಇದ್ದರೂ ನನ್ನ ಅಳು ಕೇಳಿದವರು ನೀವೊಬ್ಬರೇ. ಆ ಋಣವನ್ನು ನಾನು ಯಾವತ್ತೂ ಬಾಯಿ ಬಿಟ್ಟು ಹೇಳಿಲ್ಲ. ಈಗ ಹೇಳೋಣವೆಂದರೆ ಬಾಯಿಯೇ ಹೀಗಾಗಿದೆ, ಅದಕ್ಕೆ ಬರೆದೆ.

ನಿಮ್ಮ ಬ್ರಾಹ್ಮಿ


ನಿಪ್ಪಾಣಿ
೧೮ ಫೆಬ್ರವರಿ ೨೦೨೪

ಬ್ರಾಹ್ಮಿ,

ಈ ಕಾಗದ ಓದುವ ಮೊದಲು ಬಚ್ಚಲಿಗೆ ಹೋಗಿ ಆ ಡಬ್ಬಿಯನ್ನು ಚೆಲ್ಲಿ ಬಾ. ಆಮೇಲೆ ಓದು.

ನಿನ್ನ ಕಾಗದ ನನಗೆ ಜನವರಿ ಮೂವತ್ತಕ್ಕೇ ಮುಟ್ಟಿತ್ತು. ನಾನು ಒಡೆಯಲಿಲ್ಲ. ನೀನು ಬೈದು ಬರೆದಿರುತ್ತೀಯ ಅಂದುಕೊಂಡೆ. ಸಮೀಕ್ಷೆಯ ರಜಿಸ್ಟರಿನೊಳಗೆ ಇಟ್ಟು, ನಾಳೆ ನೋಡೋಣ, ನಾಳೆ ನೋಡೋಣ ಎಂದು ಹದಿನೇಳು ದಿನ ತಳ್ಳಿದೆ. ಮೊನ್ನೆ ಶುಕ್ರವಾರ ಒಡೆದೆ. ಬೈಗುಳ ಹುಡುಕಿದರೆ ಒಳಗೆ ನನ್ನ ಹೊಗಳಿಕೆ ಇತ್ತು, ರೂಪಾಲಿಯ ಹಲ್ಲು ಇತ್ತು.

ಕೂಡಲೇ ಬಾಳಾಸಾಬರಿಗೆ ಫೋನು ಮಾಡಿದೆ. ರೂಪಾಲಿಯನ್ನು ಹಲ್ಲಿನ ಡಾಕ್ಟರಿಗೆ ತೋರಿಸಿ ಅಂದೆ. ಅವರು, "ಕಮ್ಮಿ ಆಗೇತ್ರಿ ವೈನೀರ. ಅವರವ್ವ ಏನೋ ಮನಿ ಔಷಧ ಹಚ್ಚ್ಯಾಳಂತ" ಅಂದರು. ಆ ಔಷಧ ಯಾವುದೆಂದು ಹೇಳಿದರೆ ನಿನ್ನ ಗುಟ್ಟು ಬಯಲಾಗುತ್ತದೆ, ನಿನ್ನದು ಬಯಲಾದರೆ ನನ್ನದು ಉಳಿಯುವುದಿಲ್ಲ. ಆಯ್ತ್ರಿ ಎಂದು ಫೋನು ಇಟ್ಟೆ. ಅದಕ್ಕಾಗಿಯೂ ಎರಡು ದಿನದಿಂದ ನನ್ನ ಮುಖ ನಾನೇ ನೋಡಿಕೊಂಡಿಲ್ಲ.

ನೀನು ಕೇಳಿದ್ದಕ್ಕೆ ಈಗ ಉತ್ತರ. ಹೌದು, ಅದರಿಂದಲೇ. ಹಲ್ಲಿಗೆ ಹಚ್ಚಿದರೂ, ಉಗುಳಿದರೂ ತಂಬಾಕು ತಂಬಾಕೇ. ಎರಡು ವರ್ಷದ ಹಿಂದೆ ಚಿಕ್ಕೋಡಿಯ ಟ್ರೇನಿಂಗಿನಲ್ಲಿ ಬಾಯಿ ಕ್ಯಾನ್ಸರಿನ ಫೋಟೋ ತೋರಿಸಿ ಹೇಳಿದ್ದರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಟಿಪ್ಪಣಿಯನ್ನೂ ಬರೆದುಕೊಂಡೆ. ಊಟಕ್ಕೆ ಬಿಟ್ಟಾಗ ಹಿಂದಿನ ಗೋಡೆಯ ಮರೆಗೆ ಹೋಗಿ ಹಚ್ಚಿಕೊಂಡು ಬಂದೆ.

ಮತ್ತೆ ನಿನ್ನ ಋಣದ ಮಾತು. ಆ ದಿನ ನಡೆದದ್ದು ನೀನು ತಿಳಿದ ಹಾಗಲ್ಲ. ಆವತ್ತು ಅಂಗಳದಲ್ಲಿ ತಂಬಾಕಿನ ಎಲೆ ಒಣ ಹಾಕಿದ್ದರು. ಕಾಯಲು ನಮ್ಮಿಬ್ಬರನ್ನು ಬಿಟ್ಟು ಎಲ್ಲರೂ ಹೊಲಕ್ಕೆ ಹೋಗಿದ್ದರು. ನಿನಗೆ ಹನ್ನೊಂದು ವರ್ಷ, ನನಗೆ ಹತ್ತೊಂಬತ್ತು. ನಿನ್ನ ಅಳು ನಿಲ್ಲಲೊಲ್ಲದು. ನಿಮ್ಮವ್ವ ಬಂದರೆ ಹುಡುಗಿಯನ್ನು ಅಳಿಸಿದಳೆಂದು ನನ್ನನ್ನೇ ಬೈಯುತ್ತಾರೆಂಬ ಹೆದರಿಕೆ ನನಗೆ. ಸುಮ್ಮನಾಗಿಸಲು ಹಚ್ಚಿದೆ, ಮಮತೆಯಿಂದ ಅಲ್ಲ. ಮರುದಿನ ನೋವಿಲ್ಲದಿದ್ದರೂ ನೀನು ಬಂದು ಬಾಯಿ ತೆರೆದು ನಿಂತೆ. "ವೈನಿ, ಅದ ಹಚ್ಚಿದ್ರ ಹೊಟ್ಟಿ ಸಾಫ್ ಆಕ್ಕೈತ್ರಿ" ಅಂದೆ. ನಾನು ನಕ್ಕೆ. ಹೊಸ ಮನೆಯಲ್ಲಿ ನನಗೊಬ್ಬ ಗೆಳತಿ ಸಿಕ್ಕಳೆಂದು ಖುಷಿಯಾಯಿತು. ದಿನಾ ಹಚ್ಚಿದೆ. ಮದುವೆಯಾಗಿ ಹೋದ ಮೇಲೂ ಪುಡಿಕೆ ಕಟ್ಟಿ ಕಳಿಸಿದೆ.

ಇನ್ನೂ ಒಂದಿದೆ. ಇಷ್ಟು ಬರೆದ ಮೇಲೆ ಅದನ್ನೇಕೆ ಉಳಿಸಲಿ? ಮೂವತ್ತು ದಾಟಿದವರ ಸಮೀಕ್ಷೆಯ ಫಾರ್ಮಿನಲ್ಲಿ ತಂಬಾಕು ಸೇವಿಸುತ್ತೀರಾ ಎಂಬ ಪ್ರಶ್ನೆ ಇದೆ. ನಾನು ಕೇಳಿದರೆ ನಮ್ಮ ಹೆಂಗಸರು, "ಇಲ್ಲವ್ವಾ, ಮಿಶ್ರಿ ಅಷ್ಟ ಹಚ್ಚತೀವಿ" ಎನ್ನುತ್ತಾರೆ. ಅವರಿಗೆ ಅದು ತಂಬಾಕಲ್ಲ. ಬಾಯಲ್ಲಿ ಕರಿ ಪುಡಿ ಇಟ್ಟುಕೊಂಡೇ ಇಲ್ಲ ಎನ್ನುತ್ತಾರೆ, ನಾನು ಇಲ್ಲ ಎಂದು ಬರೆದುಕೊಳ್ಳುತ್ತೇನೆ. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅವರ ಹೆಸರಿನ ಮುಂದೆ ಹೌದು ಎಂದು ಬರೆದರೆ ನನ್ನ ಹೆಸರಿನ ಮುಂದೆಯೂ ಬರೆಯಬೇಕಾಗುತ್ತಿತ್ತು. ಹೌದು ಎಂದವರ ಬಾಯಿ ಪರೀಕ್ಷೆಗೆ ಡಾಕ್ಟರು ಬರುತ್ತಾರೆ. ನಮ್ಮ ಊರಿಗೆ ಯಾರೂ ಬರಲಿಲ್ಲ.

ನನ್ನ ಎಡಗೆನ್ನೆಯ ಒಳಗೆ ದೀಪಾವಳಿಯಿಂದ ಒಂದು ಬಿಳಿ ಮಚ್ಚೆ ಇದೆ. ಉಜ್ಜಿದರೂ ಹೋಗುವುದಿಲ್ಲ.

ರೂಪಾಲಿಗೆ ಒಂದೇ ಸಲ ಹಚ್ಚಿದ್ದೀಯ, ಅಲ್ಲವೇ? ಅಷ್ಟನ್ನು ಕೂಡಲೇ ಬರೆ.

ಶೇವಂತಾ


ಉಗಾರ ಬುದ್ರುಕ
೨೩ ಫೆಬ್ರವರಿ ೨೦೨೪

ವೈನಿ,

ನಿಮ್ಮ ಕಾಗದ ನಿನ್ನೆ ಬಂತು. ನೀವು ಹೇಳಿದಂತೆ ಮೊದಲು ಬಚ್ಚಲಿಗೆ ಹೋದೆ. ಸಂಕ್ರಾಂತಿಯ ಹೊತ್ತಿಗೆ ತುಂಬಿದ್ದ ಡಬ್ಬಿಯಲ್ಲಿ ತಳ ಕಾಣುತ್ತಿತ್ತು. ಆಪರೇಶನ್ನಾದ ಮೇಲೆ ನಾನು ಒಂದು ದಿನವೂ ಹಚ್ಚಿಲ್ಲ.

ರೂಪಾಲಿ ಶಾಲೆಯಿಂದ ಬಂದ ಮೇಲೆ ಕೇಳಿದೆ. ತಪ್ಪಿಸಿಕೊಳ್ಳಲು ನೋಡಲಿಲ್ಲ. "ಹಲ್ಲ ನೋವು ಈಗಿಲ್ಲ ಅವ್ವಾ. ಆದ್ರ ಮುಂಜಾನೆ ಅದ ಹಚ್ಚದಿದ್ರ ಹೊಟ್ಟಿ ಸಾಫ್ ಆಗೂದಿಲ್ಲ. ಓದಾಕೂ ಮನಸ ಹತ್ತೂದಿಲ್ಲ" ಎಂದಳು. ಒಂದು ತಿಂಗಳು, ವೈನಿ. ದಿನಕ್ಕೆ ಎರಡು ಸಲ. ಹನ್ನೊಂದು ವರ್ಷದ ನಾನು ನಿಮ್ಮ ಮುಂದೆ ಆಡಿದ ಮಾತೇ ಅವಳ ಬಾಯಿಂದ ಬಂತು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬೇಡವೆಂದೆ. ಅವಳಿಗೆ ತಿಳಿಯಲಿಲ್ಲವೋ, ತಿಳಿಯದ ಹಾಗೆ ಮಾಡಿದಳೋ. ನಿಮ್ಮ ಹೊಸ ಕಾಗದವನ್ನು ಕೈಗೆ ಕೊಟ್ಟೆ. ಪೂರ್ತಿ ಓದಿದಳು. ಆಮೇಲೆ ವಿಜ್ಞಾನದ ಪುಸ್ತಕದೊಳಗಿಂದ ನಿಮ್ಮ ಜನವರಿಯ ಕಾಗದ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟಳು. "ಇದೂ ಮಾಮೀನ ಬರದಾಳ, ಅದೂ ಮಾಮೀನ ಬರದಾಳ. ಯಾವದ ಖರೇ ಅಂತ ತಿಳೀಲಿ ನಾ?" ಎಂದು ಕೇಳಿದಳು. ಬಿಡಿಸಿ ಹೇಳಲು ನನಗೆ ನಾಲಿಗೆ ಇರಲಿಲ್ಲ. ಡಬ್ಬಿಯನ್ನು ಚೆಲ್ಲಲು ಎತ್ತಿಕೊಂಡೆ, ಅವಳು ಅದಕ್ಕೆ ಕೈ ಹಾಕಿದಳು.

ಡಬ್ಬಿ ಕಿತ್ತುಕೊಳ್ಳುವ ಜಗ್ಗಾಟದಲ್ಲಿ ಇವರು ಒಳಗೆ ಬಂದರು. ಏನದು ಎಂದರು. ಇನ್ನು ಮುಚ್ಚಿಡುವುದು ಬೇಡವೆಂದು ಹೇಳಿದೆ. "ಏನಂದಿ?" ಎಂದರು. ಮತ್ತೆ ಹೇಳಿದೆ. "ಸಾವಕಾಶ ಹೇಳು, ಏನಂದಿ?" ಎಂದರು. ಹದಿನೇಳು ವರ್ಷ ಮುಚ್ಚಿಟ್ಟದ್ದನ್ನು ಮೂರು ಸಲ ಹೇಳಿದರೂ ಆ ಮಾತು ನನ್ನ ಬಾಯಿಂದ ಸರಿಯಾಗಿ ಹೊರಡಲಿಲ್ಲ. ಕೊನೆಗೆ ಡಬ್ಬಿಯನ್ನೇ ಇವರ ಅಂಗೈಯಲ್ಲಿಟ್ಟು, ಮುಚ್ಚಳ ತೆಗೆದು, ನನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿದೆ. ಮೂಸಿ ನೋಡಿದರು. ಬೈಯಲಿಲ್ಲ. "ನಾ ಡಾಕ್ಟರ ಮುಂದ ಏನ ಹೇಳಿದ್ನಿ?" ಎಂದು ಮಾತ್ರ ಅಂದರು. ರಾತ್ರಿ ಹೊಲದ ಮನೆಯಲ್ಲಿ ಮಲಗಿದರು. ಬೆಳಿಗ್ಗೆ ಬಂದು ತಾಟು ನೋಡುತ್ತ ಊಟ ಮಾಡಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ನಿಮ್ಮ ಮೇಲೆ ಸಿಟ್ಟು ಬಂದಿಲ್ಲವೆಂದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಬಂದಿದೆ. ನನಗೆ ಹಚ್ಚಿದ್ದಕ್ಕಲ್ಲ. ಆವತ್ತು ನೀವೂ ಹುಡುಗಿಯೇ, ನಿಮಗೂ ಗೊತ್ತಿರಲಿಲ್ಲ. ಜನವರಿಯಲ್ಲಿ ಬರೆದದ್ದಕ್ಕೆ, ಮತ್ತು ಹದಿನೇಳು ದಿನ ಒಡೆಯದೆ ಇಟ್ಟದ್ದಕ್ಕೆ.

ಆದರೆ ನಿಮ್ಮೊಬ್ಬರ ಮೇಲೆ ಹೊರಿಸಲು ಮನಸ್ಸು ಒಪ್ಪುವುದಿಲ್ಲ. ನಿಮ್ಮನ್ನು ಕೇಳುವಾಗಲೇ ನನಗೆ ಒಳಗೊಳಗೆ ಉತ್ತರ ಗೊತ್ತಿತ್ತು. ಇಲ್ಲ ಎಂದು ನೀವು ಹೇಳಲಿ ಎಂಬ ಆಸೆಯಿಂದಲೇ ಕೇಳಿದ್ದೆ. ಅರ್ಧ ನಾಲಿಗೆ ಹೋದ ತಾಯಿ, ಅದೇ ಡಬ್ಬಿಯಿಂದ ತೆಗೆದು ಮಗಳ ಬಾಯಿಗೆ ಹಚ್ಚಿದೆ. ಇದನ್ನು ನಿಮಗಲ್ಲದೆ ಬೇರೆ ಯಾರಿಗೆ ಬರೆಯಲಿ?

ಡಬ್ಬಿ ಖಾಲಿ ಮಾಡಿದ್ದೇನೆ. ಆದರೆ ಇವತ್ತು ಬೆಳಿಗ್ಗೆ ಅವಳ ಬೆರಳ ತುದಿ ಮತ್ತೆ ಕರ್ರಗಿತ್ತು. ಎಲ್ಲಿಂದ ತಂದಳೋ ಗೊತ್ತಿಲ್ಲ. ಅವಳು ನಂಬುವುದು ನಿಮ್ಮನ್ನು.

ಬ್ರಾಹ್ಮಿ


ನಿಪ್ಪಾಣಿ
೨೮ ಫೆಬ್ರವರಿ ೨೦೨೪

ಬ್ರಾಹ್ಮಿ,

ನಾನು ರವಿವಾರ ಬರುತ್ತೇನೆ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಹನ್ನೊಂದರೊಳಗೆ ಮುಟ್ಟುತ್ತೇನೆ. ಈ ಕಾಗದ ಶನಿವಾರ ನಿನಗೆ ಸಿಕ್ಕರೆ ಸಿಕ್ಕಿತು. ಸಿಗದಿದ್ದರೂ ನಾನಂತೂ ಬರುವವಳೇ. ಬೇಡವೆಂದು ಬರೆಯಬೇಡ, ಬರೆದರೂ ಆ ಕಾಗದವನ್ನು ಒಡೆಯುವುದಿಲ್ಲ.

ಬಿಟ್ಟು ಇವತ್ತಿಗೆ ಹತ್ತು ದಿನ. ನಿನಗೆ ಬರೆದ ದಿನವೇ ಇದ್ದದ್ದನ್ನೆಲ್ಲ ಒಲೆಗೆ ಹಾಕಿದೆ. ಮೊದಲ ಮೂರು ದಿನ ತಲೆ ಸಿಡಿಯಿತು. ನಿಮ್ಮಣ್ಣ ಚಪ್ಪಲಿ ಎಲ್ಲೈತಿ ಎಂದು ಕೇಳಿದ್ದಕ್ಕೆ ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಬೆಳಿಗ್ಗೆ ಬಿಸಿನೀರು ಕುಡಿದು ಹತ್ತು ಸಲ ಅಂಗಳ ಸುತ್ತುತ್ತೇನೆ, ಬಾಯಿಗೆ ಎರಡು ಕಾಳು ಬಡೇಸೋಪು ಹಾಕಿಕೊಳ್ಳುತ್ತೇನೆ. ಏಳನೆಯ ದಿನಕ್ಕೆ ಹೊಟ್ಟೆ ತಾನೇ ದಾರಿಗೆ ಬಂತು. ಇದನ್ನು ರೂಪಾಲಿಗೆ ಹೇಳಬೇಕು. ಅವಳದು ಒಂದು ತಿಂಗಳಿನದು, ನನಗಿಂತ ಬೇಗ ಬಿಡುತ್ತದೆ.

ನಿಮ್ಮಣ್ಣನಿಗೆ ಎಲ್ಲ ಹೇಳಿದೆ. ನಿನಗೆ ಹಚ್ಚಿದ್ದು, ಪುಡಿಕೆ ಕಳಿಸಿದ್ದು, ಎಲ್ಲ. ಆತ ಹೊರಗೆ ಹೋಗಿ ಬಹಳ ಹೊತ್ತು ಕೂತ. ಅದು ಆತನ ಹೊಲದ ತಂಬಾಕೇ ಆಗಿತ್ತಲ್ಲ.

ಸೋಮವಾರ ರಜಿಸ್ಟರು ಹಿಡಿದುಕೊಂಡು ಓಣಿಯಲ್ಲಿ ಮತ್ತೆ ಹೊರಟೆ. ಹಳೆಯ ಫಾರ್ಮು ತಪ್ಪಾಗಿದೆ, ಹೊಸದಾಗಿ ಬರೆಯಬೇಕು ಅಂದೆ. ಮಿಶ್ರಿ ಹಚ್ಚುವವರೂ ಹೌದು ಎನ್ನಬೇಕು ಅಂದೆ. ಎದುರು ಮನೆಯ ಶಿವಗಂಗವ್ವ ಸೊಂಟದ ಮೇಲೆ ಕೈಯಿಟ್ಟು, "ನೀನ ನಮ್ಮ ಜೋಡಿ ಕುಂತ ಹಚ್ಚಾಕಿ. ನಮ್ಮನ್ನೇನ ಬರಕೊಳ್ತೀ?" ಎಂದಳು. ಸುತ್ತಲಿದ್ದವರು ನಕ್ಕರು. ರಜಿಸ್ಟರನ್ನು ಅವಳ ಮುಂದೆ ತಿರುಗಿಸಿ ಹಿಡಿದೆ. ಮೊದಲ ಹೆಸರು ನನ್ನದೇ ಬರೆದಿದ್ದೆ, ಮುಂದೆ ಹೌದು ಎಂದಿತ್ತು. ಆಕೆಗೆ ಓದಲು ಬರುವುದಿಲ್ಲ. ಮೊಮ್ಮಗಳಿಂದ ಓದಿಸಿಕೊಂಡಳು. ಆಮೇಲೆ ಯಾರೂ ನಗಲಿಲ್ಲ. ಶಿವಗಂಗವ್ವ ಎರಡನೆಯವಳಾಗಿ ಬರೆಸಿದಳು, ಆದರೆ ನನ್ನ ಮುಖ ನೋಡದೆ ಬರೆಸಿದಳು. ಹಿಂದಿನ ಸಮೀಕ್ಷೆಯನ್ನು ಏಕೆ ತಪ್ಪಾಗಿ ತುಂಬಿದಿರಿ ಎಂದು ಮೇಲಿನವರು ಕೇಳಿದ್ದಾರೆ. ಬರೆದುಕೊಟ್ಟಿದ್ದೇನೆ. ಕೆಲಸ ಇರುತ್ತದೋ ಹೋಗುತ್ತದೋ ತಿಳಿಯದು.

ನಿನ್ನೆ ಚಿಕ್ಕೋಡಿಗೆ ಹೋಗಿ ಬಾಯಿ ತೋರಿಸಿದೆ. ಮಚ್ಚೆಯಿಂದ ಒಂದು ಚೂರು ತೆಗೆದು ತಪಾಸಣೆಗೆ ಕಳಿಸಿದ್ದಾರೆ. ಹತ್ತು ದಿನ ಬೇಕಂತೆ. ಡಾಕ್ಟರು ಚಟ ಇದೆಯೇ ಎಂದು ಕೇಳಿದಾಗ ನಿನ್ನ ನೆನಪಾಯಿತು. ನಿಮ್ಮಣ್ಣ ಪಕ್ಕದಲ್ಲೇ ನಿಂತಿದ್ದ. ನಾನೇ ಹೇಳಿದೆ.

ರವಿವಾರ ಬಾಳಾಸಾಬರನ್ನೂ ಅತ್ತೆಯವರನ್ನೂ ಮನೆಯಲ್ಲಿ ಇರಲು ಹೇಳು. ರೂಪಾಲಿ ಎರಡು ಕಾಗದಗಳನ್ನೂ ಹಿಡಿದುಕೊಂಡು ಕೂರಲಿ. ಸುಳ್ಳು ಯಾವುದೆಂದು ನಾನೇ ಬೆರಳಿಟ್ಟು ತೋರಿಸುತ್ತೇನೆ. ಇಲಾಖೆಯವರು ಕೊಟ್ಟ ಟಾರ್ಚು ತರುತ್ತೇನೆ, ಅದನ್ನು ಅವಳ ಕೈಗೇ ಕೊಟ್ಟು ನನ್ನ ಬಾಯಿ ತೆರೆಯುತ್ತೇನೆ. ಮಚ್ಚೆಯನ್ನು ಅವಳು ಕಣ್ಣಾರೆ ನೋಡಲಿ. ನಿನ್ನ ಬಾಯಿಯನ್ನು ಯಾರಿಗೂ ತೋರಿಸಬೇಕಾಗಿಲ್ಲ, ನೀನು ಸುಮ್ಮನೆ ನನ್ನ ಪಕ್ಕದಲ್ಲಿ ಕೂತಿರು. ಏನಂದಿ, ಏನಂದಿ ಎಂದು ಇನ್ನು ನಿನ್ನನ್ನು ಯಾರೂ ಕೇಳುವುದು ಬೇಡ.

ಮಾತೆಲ್ಲ ನಾನೇ ಆಡುತ್ತೇನೆ. ನನ್ನ ನಾಲಿಗೆ ಇನ್ನೂ ಪೂರ್ತಿ ಇದೆ.

ಶೇವಂತಾ